ಬಿರಿದ ಬೋರಮಾಳ, ಸರಿಯಾದ ತೂಕ

ಪೇಟೆಯ ತೂಕ-ಅಳತೆಗೆ ಮುದ್ರೆ ಒತ್ತುವ ಮಾನ್ಯ ಸಾಹೇಬರೇ,

ನಿಮ್ಮ ಮುದ್ರೆ ಬಿದ್ದ ತಕ್ಕಡಿಯಲ್ಲಿ ತೂಗಿಸಿ ತಂದ ಬೋರಮಾಳ ಸರ ಬಿರಿದು, ನನ್ನ ಸೊಸೆ ಕಳ್ಳಿ ಎನ್ನಿಸಿಕೊಂಡು ಮನೆ ಬಿಟ್ಟು ಹೋಗಿದ್ದಾಳೆ. ಕಚೇರಿಗೆ ಬಂದು ಹೇಳಿದರೆ ನೀವು ನಕ್ಕಿರಿ. ಅದಕ್ಕೇ ನಾಲ್ಕು ಜನ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಇಲ್ಲಿಯೂ ನಗಬಹುದು.

ಸೊಸೆ ಶಿವವ್ವ ಮೇಲವಂಕಿಯವಳು. ಮದುವೆಯಲ್ಲಿ ಗೋಕಾಕದ ಸರಾಫನೊಬ್ಬನ ಅಂಗಡಿಯಿಂದ ಆ ಸರವನ್ನು ನಾವೇ ತಂದು ಹಾಕಿದ್ದೆವು. ಒಳಗೆ ಅರಗು ತುಂಬಿದ ಬಂಗಾರದ ಗುಂಡುಗಳು. ಈ ಸಲ ಪಂಚಮಿಗೆ ತವರಿಗೆ ಹೋಗಿ ಬಂದವಳು ಬೀಸಲು ಕುಳಿತಾಗ ಒಂದು ಗುಂಡು ಬೆಸುಗೆಯಲ್ಲಿ ಬಾಯಿ ಬಿಟ್ಟಿತು. ಅರಗು ಪುಡಿಯಾಗಿ ಹಿಟ್ಟಿನೊಳಗೆ ಉದುರಿತು. ಅದರ ಹಿಂದೆಯೇ ಮತ್ತೊಂದು. ನನ್ನ ಹೆಂಡತಿ ಗೌರವ್ವ ಓಣಿಗೆಲ್ಲ ಕೇಳುವಂತೆ ಕೂಗಿದಳು: "ನಾವು ಹಾಕಿದ್ದು ಹಿಂಗ ಇರಲಿಲ್ಲ. ತವರಮನ್ಯಾಗ ಬದಲಿ ಮಾಡಿಕೊಂಡ ಬಂದಾಳ!" ಅವಳ ಗಂಡ, ನನ್ನ ಮಗ ಕೆಂಚಪ್ಪ, ಎತ್ತು ಹೊಡೆದುಕೊಂಡು ಹೊಲಕ್ಕೆ ನಡೆದ. ಶಿವವ್ವ ಕೈಗೆ ಅಂಟಿದ ಹಿಟ್ಟನ್ನೂ ತೊಳೆಯದೆ ತವರಿನ ದಾರಿ ಹಿಡಿದಳು.

ನಾನು ಸರಾಫನ ಹತ್ತಿರ ಓಡಿದೆ. "ಜತನ ಮಾಡಿ ಹಾಕ್ಕೋಬೇಕ್ರಿ, ಬಂಗಾರ ಏನ್ ಕಬ್ಬಿಣ ಐತೇನು?" ಎಂದ. ಬಾಜೂ ಮನೆಯ ಉದ್ದವ್ವ ಅದೇ ಅಂಗಡಿಯಲ್ಲಿ ಕೊಂಡ ಸರವನ್ನು ಪೆಟ್ಟಿಗೆಯಿಂದ ಹೊರಗೇ ತೆಗೆದಿರಲಿಲ್ಲ. ನನ್ನ ಮಾತಿಗೆ ತೆಗೆದು ಕೊರಳಿಗೆ ಹಾಕಿಕೊಂಡು ಸೆರಗು ಸರಿಮಾಡುವಷ್ಟರಲ್ಲಿ ಅದರ ಗುಂಡುಗಳೂ ಬಾಯಿ ಬಿಟ್ಟವು. ಆ ಸರ ಯಾವ ತವರಿಗೆ ಹೋಗಿತ್ತು, ಸಾಹೇಬರೇ? ಅದನ್ನು ಕಂಡ ಗೌರವ್ವ ಗೋಡೆ ಹಿಡಿದು ಕುಳಿತಳು.

ಎರಡೂ ಸರಗಳನ್ನು ತಮ್ಮ ಮೇಜಿನ ಮೇಲೆ ಇಟ್ಟೆ. "ಕೊಳ್ಳೂವಾಗ ತೂಕ ಬರೋಬರಿ ಇತ್ತಿಲ್ಲೋ? ಮುಗೀತು. ಬೆಸುಗಿ ನೋಡೂದು ನನ್ನ ಕೆಲಸಲ್ಲ" ಎಂದು ನಕ್ಕಿರಿ. ಕೊಂಡಾಗ ತೂಕವೇನೋ ಸರಿಯಾಗಿಯೇ ಇತ್ತು, ಒಳಗಿನ ಅರಗಿಗೂ ಭಾರವಿರುತ್ತದಲ್ಲವೇ? ಜೋಳ ಅಳೆಯುವ ಸೇರಿಗೆ ವರ್ಷವರ್ಷವೂ ಮುದ್ರೆ ಬೇಕು. ಲಗ್ನದ ಹಂಗಾಮಿನ ಗಡಿಬಿಡಿಯಲ್ಲಿ ಅರೆಬರೆ ಬೆಸೆದು, ಮೇಲೆ ಮೆರುಗು ಕೊಟ್ಟು ಮಾರುವವನಿಗೆ ಯಾವ ತಪಾಸಣೆಯೂ ಬೇಡವೇ? ಮುರಿದದ್ದು ಗುಂಡು ಮಾತ್ರವೇ?

ಗಾಡಿ ಕಟ್ಟಿಕೊಂಡು ಮೇಲವಂಕಿಗೆ ಹೋಗಿ ಶಿವವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ನೀರು ಕೊಟ್ಟು, ಬಾಗಿಲ ಬಳಿ ನಿಂತು ಅಂದಳು: "ಮಾವಾರ, ನಿಮಗ ತಿಳದೈತಿ, ಅತ್ತಿಗೂ ತಿಳದೈತಿ. ಆದ್ರ ಕಳ್ಳಿ ಅಂದಿದ್ದನ್ನ ಓಣಿ ಎಲ್ಲಾ ಕೇಳೈತಿ. ಅದನ್ನ ಯಾರು ಹೊಳ್ಳಿ ತಗೋತಾರ್ರಿ?"

ಆದ್ದರಿಂದ ಕೇಳುತ್ತೇನೆ. ಮಾಡಿದವನ ಗುರುತಿಲ್ಲದ, ಬೆಸುಗೆ ಪರೀಕ್ಷೆಯಾಗದ ಆಭರಣ ಪೇಟೆಯಲ್ಲಿ ಮಾರಾಟವಾಗಬಾರದು. ಬಿರಿದದ್ದನ್ನು ಮಾರಿದವನೇ ಹೊಸದಾಗಿ ಮಾಡಿಕೊಡಬೇಕು. ಅದಕ್ಕೂ ಮೊದಲು ತಾವು ನಮ್ಮೂರು ಕುಲಗೋಡಕ್ಕೆ ಬಂದು, ತಪ್ಪು ಬೆಸುಗೆಯದು, ಹುಡುಗಿಯದಲ್ಲ ಎಂದು ನಮ್ಮ ಓಣಿಯಲ್ಲಿ ನಿಂತು ಹೇಳಬೇಕು. ನಿಮ್ಮ ಪಕ್ಕದಲ್ಲಿ ನಿಂತು ತನ್ನ ಮಾತು ಹಿಂತೆಗೆದುಕೊಳ್ಳಲು ಗೌರವ್ವ ತಯಾರಾಗಿದ್ದಾಳೆ. ತಾವು?

ಇಂತಿ,
ಸೊಸೆಯನ್ನು ಕರೆತರಲು ಹೋಗಿ ಬರಿಗಾಡಿ ಹೊಡೆದುಕೊಂಡು ಬಂದ
ದುಂಡಪ್ಪ, ಕುಲಗೋಡ