ಗಂಟು ಕಟ್ಟಿದ ಮುದ್ದೆ

ಅವ್ವ,

ನೀನು ತೀರಿಕೊಂಡ ಮೇಲೆ ತಮ್ಮ ಪಿಳ್ಳ, ತಂಗಿ ಬೈರಿ ಯಾರ ಕೈಯಡುಗೆಯನ್ನೂ ಸರಿಯಾಗಿ ಉಣ್ಣುತ್ತಿಲ್ಲ. ಇವತ್ತೂ ಉಣ್ಣದೆ ಊಟದ ತಣಿಗೆ ತಳ್ಳಿದರೆ ಇಬ್ಬರನ್ನೂ ನಂದಗುಡಿಯ ಮಾವನ ಮನೆಗೆ ಕಳಿಸುತ್ತೇನೆ ಎಂದಳು ಅಜ್ಜಿ. ಕಳಿಸಲು ನಾನು ಬಿಡುವುದಿಲ್ಲ. ನಾನೇ ಒಲೆ ಮುಂದೆ ಕೂತೆ.

"ಇಸ್ಕೂಲು ಬಿಟ್ಟೋನು ಮುದ್ದೆ ಕೋಲು ಹಿಡ್ದವ್ನೆ, ನೋಡ್ರಪ್ಪಾ!" ಎಂದು ಅಜ್ಜಿ ನಕ್ಕಳು.

"ನಗಜ್ಜಿ. ಆಮೇಲೆ ತಣಿಗೆ ಹಿಡ್ಕೊಂಡು ಬರ್ಬೇಡ," ಎಂದೆ.

ಸುಳ್ಳೇಕೆ ಹೇಳಲಿ, ಹಿಟ್ಟು ಗಂಟು ಕಟ್ಟಿತು. ಸರ್ಕಾರಕ್ಕೆ ಕಡ್ಡಾಯದ ಲೆವಿ ಅಳೆದು ಕೊಟ್ಟು ಉಳಿದ ರಾಗಿ, ಚೆಲ್ಲುವ ಹಾಗಿಲ್ಲ. ಮಕ್ಕಳು ಒಲೆಯ ಹತ್ತಿರ ಸುಳಿಯಬಾರದು ಎಂಬುದು ನಿನ್ನ ಕಟ್ಟುನಿಟ್ಟು. ಅದನ್ನು ಮುರಿದೆ. ಇಬ್ಬರ ಕೈಯನ್ನೂ ತಣ್ಣೀರಿಗೆ ಅದ್ದಿಸಿ, ಸ್ವಲ್ಪ ಆರಿದ ಹಿಟ್ಟು ಕೊಟ್ಟು, "ನಿಮ್ ಮುದ್ದೆ ನೀವೇ ಕಟ್ಕೊಳ್ಳಿ," ಎಂದೆ.

ಬೈರಿ ನಿಂಬೆಹಣ್ಣಿನಷ್ಟು ಗಾತ್ರದವು ನಾಲ್ಕು ಕಟ್ಟಿದಳು. ಪಿಳ್ಳನದು ಸೌತೆಕಾಯಿಯ ಹಾಗಿತ್ತು.

"ನಂದ್ರಲ್ಲಿ ಗಂಟಿಲ್ಲ ಕಣ್ಲಾ, ನಿಂದ್ರಲ್ಲೇ ಐತೆ!"

"ನಿಂದು ಗೋಲಿ ಕಣೇ, ಮುದ್ದೆಯಲ್ಲ!"

ಜಗಳವಾಡುತ್ತಲೇ ಸೊಪ್ಪಿನ ಸಾರಿನಲ್ಲಿ ಅದ್ದಿ ಎಲ್ಲವನ್ನೂ ನುಂಗಿದರು. ಅಜ್ಜಿ ಮತ್ತೆ ನಂದಗುಡಿಯ ಮಾತೆತ್ತಲಿಲ್ಲ. ಇವರು ಎಲ್ಲಿಗೂ ಹೋಗುವುದಿಲ್ಲ.

ನೀನಿದ್ದಿದ್ದರೆ ಬೈಯುತ್ತಿದ್ದೆ. ಬೈಯಿ. ನಾಳೆಯೂ ಇಬ್ಬರನ್ನೂ ಒಲೆಯ ಹತ್ತಿರ ಕೂರಿಸಿಕೊಳ್ಳುತ್ತೇನೆ.

ಜ್ವರದಲ್ಲೇ ಎದ್ದು ನೀನು ಕೊನೆಯ ಸಲ ಮಾಡಿದ ಮುದ್ದೆಯಲ್ಲೂ ಗಂಟಿತ್ತು. ನಾನು ತಣಿಗೆ ತಳ್ಳಿ ಎದ್ದು ಹೋಗಿದ್ದೆ.

ಇವತ್ತು ಎಲ್ಲಕ್ಕಿಂತ ಹೆಚ್ಚು ಗಂಟಿದ್ದ ಮುದ್ದೆಯನ್ನು ನನಗೇ ಇಟ್ಟುಕೊಂಡೆ. ಪೂರ್ತಿ ಉಂಡೇ ಎದ್ದೆ.

ರಾಮಾಂಜಿ