ಬಚ್ಚಲುಮನೆಯ ಚಿಲಕ

ಅಪ್ಪ,

ತಿಂಡಿ ಮುಚ್ಚಿಟ್ಟಿದ್ದೇನೆ. ಅಮ್ಮ ತಿಂದ ಮೇಲೆ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಒಳಗೆ ಅವಳೊಬ್ಬಳನ್ನೇ ಬಿಡಿ, ನೀವು ಹೊರಗೆ ಬೆಂಚಿನ ಮೇಲೆ ಕೂತಿರಿ. ಹೋದ ಸಲ ಡಾಕ್ಟರು "ಸಾಯ್ಬೇಕು ಅನ್ಸುತ್ತಾಮ್ಮಾ?" ಅಂತ ಕೇಳಿದ್ದು ಅವಳನ್ನು. ಬಾಯಿ ಹಾಕಿದ್ದು ನೀವು: "ಛೆ ಛೆ, ಅಂಥದ್ದೇನಿಲ್ಲ ಡಾಕ್ಟ್ರೇ, ನಿದ್ದೆ ಸ್ವಲ್ಪ ಕಮ್ಮಿ, ಅಷ್ಟೆ." ಅಮ್ಮ ನಿಮ್ಮ ಮುಖ ನೋಡಿ ಹೂಂಗುಟ್ಟಿದಳು. ಅವರು ನಿದ್ದೆಮಾತ್ರೆ ಬರೆದುಕೊಟ್ಟರು. ಮನೆ ಮರ್ಯಾದೆ ಉಳಿಯಿತಲ್ಲ, ಸಾಕು.

ಇವತ್ತು ಅವಳು ನಿಜ ಹೇಳಿ ಬಂದರೆ ದಾರಿಯಲ್ಲಿ ಬೈಯಬೇಡಿ.

ಆ ಮಾತ್ರೆಗಳು ನನ್ನ ಚೀಲದಲ್ಲಿವೆ. ಬಚ್ಚಲುಮನೆಯ ಚಿಲಕವೂ ಅಲ್ಲೇ ಇದೆ, ಹುಡುಕಬೇಡಿ. ನಿನ್ನೆ ಅಮ್ಮನೇ ಸ್ಕ್ರೂಡ್ರೈವರ್ ತಂದು ನನ್ನ ಕೈಗಿಟ್ಟಳು. "ಇದನ್ನ ಬಿಚ್ಚಿಬಿಡೇ, ನನ್ನ ಮೇಲೆ ನಂಗೇ ನಂಬಿಕೆ ಇಲ್ಲ. ಅಪ್ಪಂಗೆ ಹೇಳ್ಬೇಡ, ಬೇಜಾರು ಮಾಡ್ಕೋತಾರೆ" ಅಂದಳು.