ಸಣ್ಣ ಮುಳ್ಳು ನೋಡಿದ ತಪ್ಪಿಗೆ

ವಿಮಾನ ಅಪಘಾತದ ವಿಚಾರಣಾಧಿಕಾರಿಗಳಿಗೆ,

ಇಲ್ಲ ಮಾನ್ಯರೇ, ನಮ್ಮಣ್ಣ ಪಂಚಾಕ್ಷರಪ್ಪನಿಗೆ ಗಡಿಯಾರ ನೋಡಲು ಬರುತ್ತದೆ. ವರದಿಗೆ ನೀವು ಬರೆಸಿದ್ದು "ಪೈಲಟನ ನಿರ್ಲಕ್ಷ್ಯ" ಎಂದಷ್ಟೇ. ಗಡಿಯಾರ ನೋಡಲು ಬಾರದವನು ಎಂಬ ಮಾತನ್ನು ಬಾಯಲ್ಲಿ ಆಡಿದಿರಿ, ಸೊರಬದ ಪ್ರವಾಸಿ ಬಂಗಲೆಯಲ್ಲಿ, ಸೊಂಟ ಮುರಿದು ಕೋಲೂರಿಕೊಂಡು ಬಂದವನ ಎದುರಿಗೇ. ವರದಿ ಇನ್ನೂ ದೆಹಲಿ ತಲುಪಿಲ್ಲ. ತಲುಪಿದರೆ ಅಣ್ಣನ ಲೈಸೆನ್ಸ್ ಹೋಯಿತು. ಅದಕ್ಕೇ ಪತ್ರಿಕೆಯಲ್ಲಿ, ನಾಲ್ಕು ಜನರ ಮುಂದೆ ಕೇಳುತ್ತಿದ್ದೇನೆ.

ನಮ್ಮವ್ವನಿಗೆ ಅಂಕಿ ಬಾರದು. "ಸಣ್ ಮುಳ್ಳು ಎಲ್ಲೈತಿ ನೋಡ್ರೋ" ಎಂದು ಒಲೆ ಮುಂದಿನಿಂದಲೇ ಕೂಗುತ್ತಾಳೆ. ಗಂಟೆ ಗೊತ್ತಾದರೆ ಸಾಕು, ಕುಬಟೂರಿನಲ್ಲಿ ನಿಮಿಷ ಯಾರಿಗೆ ಬೇಕು? ನಮ್ಮ ಕಣ್ಣು ಮೊದಲು ಹುಡುಕುವುದು ಸಣ್ಣ ಮುಳ್ಳನ್ನು. ಸಿಕ್ಕರೆ ಅಲ್ಲೇ ನಿಲ್ಲುತ್ತದೆ.

ಅಣ್ಣನ ವಿಮಾನದಲ್ಲಿ ಎತ್ತರ ತೋರಿಸುವ ಡಯಲ್ಲಿಗೆ ಮೂರು ಮುಳ್ಳು. ದೊಡ್ಡದು ನೂರಡಿಗಳ ಲೆಕ್ಕಕ್ಕೆ, ಸಣ್ಣದು ಸಾವಿರಕ್ಕೆ. ಇವೆರಡರ ಅಡಿಯಲ್ಲಿ ಅವಿತಿರುವ ಮರಿ ಮುಳ್ಳು ಹತ್ತು ಸಾವಿರಕ್ಕೆ! ಯಾವುದು ತಪ್ಪಿದರೆ ಜೀವ ಹೋಗುತ್ತದೋ ಅದನ್ನೇ ಕಾಣದಷ್ಟು ಚಿಕ್ಕದು ಮಾಡಿದ ಮಹಾನುಭಾವರು ಯಾರು? ಅವರಿಗೂ ವಿಚಾರಣೆ ಉಂಟೇ? ಮೋಡದೊಳಗೆ, ರೇಡಿಯೋದವರಿಗೆ ಉತ್ತರ ಕೊಡುತ್ತ, ಅಣ್ಣ ಒಮ್ಮೆ ಕಣ್ಣು ಹಾಯಿಸಿದ. ಸಣ್ಣ ಮುಳ್ಳು ಮೂರರ ಮೇಲಿತ್ತು. ಇಪ್ಪತ್ತು ಸಾವಿರದಿಂದ ಇಳಿಯುತ್ತಿದ್ದವನು ಹದಿಮೂರು ಸಾವಿರ ಅಡಿ ಎಂದುಕೊಂಡ. ಇದ್ದದ್ದು ಬರೀ ಮೂರು ಸಾವಿರ. ಮರಿ ಮುಳ್ಳು ಸೊನ್ನೆಯ ಹತ್ತಿರ, ದೊಡ್ಡದರ ಮರೆಯಲ್ಲಿತ್ತು. ಬೆಟ್ಟದ ಮರಗಳು ರೆಕ್ಕೆಗೆ ಬಡಿದವು. ಆದರೂ ಹೊಲವೊಂದರಲ್ಲಿ ಇಳಿಸಿ ಜತೆಗಾರರನ್ನು ಉಳಿಸಿದ. ನಿರ್ಲಕ್ಷ್ಯ ಅಂದರೆ ಇದೇ ಏನು?

ಊರಿಗೆ ಬಂದ ಹೊಸತರಲ್ಲಿ ಆ ಡಯಲ್ಲನ್ನು ಸ್ಲೇಟಿನ ಮೇಲೆ ಬರೆದು ತೋರಿಸಿದ.

"ಇಪ್ಪತ್ತು ಸಾವಿರದಿಂದ ಇಳೀತಿದ್ದಿ. ಈಗ ಎಷ್ಟೈತಿ ಹೇಳಲೇ?"

"ಹದಿಮೂರು ಸಾವಿರ."

"ಹೋಗು, ಬೆಟ್ಟಕ್ಕೆ ಹೊಡ್ದಿ ನೀನೂನು!"

ಅವತ್ತು ಇಬ್ಬರೂ ನಕ್ಕಿದ್ದೆವು. ಆಮೇಲೊಂದು ದಿನ ಚಾ ಅಂಗಡಿಯ ಹುಚ್ಚರಾಯಪ್ಪ, "ಏನ್ರೀ ಕ್ಯಾಪ್ಟನ್ರೇ, ಟೈಮೆಷ್ಟು?" ಅಂದ. ನಿಮ್ಮ ಮಾತು ಬಂಗಲೆಯಿಂದ ಅಲ್ಲಿಯವರೆಗೂ ಬಂದಿತ್ತು. ಅಣ್ಣ ಹೊಸಲು ದಾಟುವುದನ್ನೇ ಬಿಟ್ಟ. ನಾನು ಶಿಕಾರಿಪುರದ ಜವಳಿ ಅಂಗಡಿಯಿಂದ ವಾರಕ್ಕೊಮ್ಮೆ ಬಸ್ಸು ಹತ್ತಿ ಬರುತ್ತೇನೆ. ಅವನ ಎದುರು ಕೂರುತ್ತೇನೆ. ಅವನು ಗೋಡೆ ನೋಡುತ್ತಾನೆ. ನನಗೆ ಬೇರೆ ಗೆಳೆಯರಿಲ್ಲ, ಮಾನ್ಯರೇ. ಇದ್ದವನು ಇವನೊಬ್ಬ.

ಕುರ್ಚಿಯಲ್ಲಿ ಕೂತು ನೋಡಿದರೆ ಯಾವ ಡಯಲ್ಲೂ ಸಲೀಸು. ಅದನ್ನು ಮಡಿಲಲ್ಲಿಟ್ಟುಕೊಂಡು ನಮ್ಮ ಸೊರಬದ ಬಸ್ಸು ಹತ್ತಿ, ಪಕ್ಕದವರೊಡನೆ ಮಾತಾಡುತ್ತ, ಒಂದೇ ನೋಟಕ್ಕೆ ಓದಿ ತೋರಿಸಿ. ಆಗದಿದ್ದರೆ "ನಿರ್ಲಕ್ಷ್ಯ" ಎಂಬುದನ್ನು ಹೊಡೆದುಹಾಕಿ, ಡಯಲ್ಲಿನ ದೋಷ ಎಂದು ಬರೆಯಿರಿ. ಉಳಿದ ವಿಮಾನಗಳಲ್ಲೂ ಅದನ್ನು ಬದಲಿಸಿ.

ಇದನ್ನೆಲ್ಲ ಅಂದು ಬಂಗಲೆಯಲ್ಲೇ ಹೇಳಲು ಎದ್ದೆ. "ನೀನೆಷ್ಟು ಓದಿದ್ದೀಯಪ್ಪ?" ಎಂದಿರಿ. "ಏಳನೇ ಕ್ಲಾಸಿಗೆ ಬಿಟ್ಟೆ ರೀ" ಎಂದೆ. ನಕ್ಕಿರಿ. ಅಣ್ಣ ತಲೆ ಎತ್ತಲಿಲ್ಲ. ನಾನು ಹೊರಟೆ. ಆಮೇಲೆ ಜವಾನನಿಗೆ ಬೈದಿರಂತೆ. ಬಾಗಿಲು ಬಡಿದದ್ದು ಅವನಲ್ಲ, ಗಾಳಿಯೂ ಅಲ್ಲ. ನಾನು.

ಇಂತಿ,
ನಿಮ್ಮ ಲೆಕ್ಕಕ್ಕೆ ಸಿಗದ,
ಪೈಲಟನ ತಮ್ಮ ತೋಟಪ್ಪ, ಕುಬಟೂರು